ಅವನಿಗೆ ಲೈಸೆನ್ಸ್ ಬಂದಿದೆಯಂತೆ, ಕಳಿಸಲಾ?

ತುಮಕೂರಿನ ತಾಯಿಯೊಬ್ಬರ ಪತ್ರ: "ಮಗಳಿಗೆ 17 ವರ್ಷ. ಸೆಕೆಂಡ್ ಪಿಯು ಪರೀಕ್ಷೆ ಮುಗಿದಿದೆ. ಅವಳ ಕ್ಲಾಸಿನ ಹುಡುಗನೊಬ್ಬನಿಗೆ 18 ತುಂಬಿ, ಎರಡು ತಿಂಗಳ ಹಿಂದೆ ಕಾರಿನ ಲೈಸೆನ್ಸ್ ಬಂದಿದೆ. ಐದು ಜನ ಸೇರಿ ಅವನ ಅಪ್ಪನ ಕಾರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗ್ತಾರಂತೆ. ರಾತ್ರಿ ಒಂದು ಗಂಟೆಗೆ ಹೊರಟು ಸೂರ್ಯೋದಯ ನೋಡಬೇಕಂತೆ. ಹುಡುಗ ಒಳ್ಳೆಯವನೇ. ನಾನು ಬೇಡ ಅಂದರೆ, 'ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕಮ್ಮನ ಮಗಳು 16ಕ್ಕೇ ಕಾರು ಓಡಿಸ್ತಾಳೆ, ನೀನು 18ಕ್ಕೂ ಹೆದರ್ತೀಯ' ಅಂತಾಳೆ. ಏನು ಉತ್ತರ ಕೊಡಲಿ?"

ಸಂಪಾದಕರ ಉತ್ತರ:

ಮಗಳ ವಾದ ಚೆನ್ನಾಗಿದೆ. ಆದರೆ ಅರ್ಧ ಮಾತ್ರ ಹೇಳಿದ್ದಾಳೆ. ಉಳಿದರ್ಧ ನಿಮ್ಮ ಕೈಗೆ ಕೊಡುತ್ತೇನೆ, ಊಟಕ್ಕೆ ಕೂತಾಗ ಬಳಸಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ 16ಕ್ಕೆ ಲೈಸೆನ್ಸ್ ಕೊಡುವುದು ನಿಜ. ಆದರೆ ಅದಕ್ಕೂ ಮುಂಚೆ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ. ಲೈಸೆನ್ಸ್ ಬಂದ ಮೇಲೂ ಮೊದಲ 12 ತಿಂಗಳು 20 ವರ್ಷದೊಳಗಿನ ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಹತ್ತಿಸಿಕೊಳ್ಳಬೇಕೆಂದರೆ ಅಪ್ಪನೋ ಅಮ್ಮನೋ ಅಥವಾ ಲೈಸೆನ್ಸ್ ಇರುವ 25 ದಾಟಿದವರೋ ಕಾರಿನಲ್ಲಿರಬೇಕು. ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಅಂಥ ದೊಡ್ಡವರು ಜೊತೆಗಿಲ್ಲದೆ ಓಡಿಸುವಂತೆಯೂ ಇಲ್ಲ. ಶಾಲೆ, ಕೆಲಸ, ಮನೆಯ ತುರ್ತು ಅಂತ ಒಂದಿಷ್ಟು ವಿನಾಯಿತಿ ಇವೆ. ಸೂರ್ಯೋದಯ ಅದರಲ್ಲಿಲ್ಲ! ಅಂದರೆ ಲೈಸೆನ್ಸ್ ಬಂದ ಎರಡೇ ತಿಂಗಳಿಗೆ ಆ ಚಿಕ್ಕಮ್ಮನ ಮಗಳು ಈ ಟ್ರಿಪ್ ಹೊರಟಿದ್ದರೆ ಒಂದಲ್ಲ, ಎರಡು ನಿಯಮ ಮುರಿಯುತ್ತಿದ್ದಳು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾದದ್ದು. ಈ ನಿಯಮ ಮುರಿದಿದ್ದಾರಾ ಅಂತ ನೋಡಲಿಕ್ಕೇ ಅಲ್ಲಿನ ಪೊಲೀಸರು ಕಾರು ನಿಲ್ಲಿಸುವಂತಿಲ್ಲ. ಬೇರೆ ತಪ್ಪಿಗೆ ಹಿಡಿದಾಗ ಸಿಕ್ಕಿಬಿದ್ದರೆ ಉಂಟು. ಅಂದರೆ ಅಲ್ಲೂ ಕಾವಲು ಅಪ್ಪ ಅಮ್ಮನದೇ.

ನಮ್ಮಲ್ಲಿ ಏನಿದೆ? ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಇರುವವರೆಗೆ ಕಾರಿಗೆ ಎಲ್ ಬೋರ್ಡ್, ಪಕ್ಕದಲ್ಲಿ ಲೈಸೆನ್ಸ್ ಇರುವವರು. 30 ದಿನ ಕಳೆದರೆ ಟೆಸ್ಟ್‌ಗೆ ಹೋಗಬಹುದು. ಪಾಸಾದರೆ ಮುಗಿಯಿತು, ಮಾರನೇ ದಿನವೇ ಕಾರಿನ ತುಂಬಾ ಗೆಳೆಯರನ್ನು ಕೂರಿಸಿಕೊಂಡು ಮಧ್ಯರಾತ್ರಿ ಘಾಟಿ ಹತ್ತಿದರೂ ಕೇಳುವವರಿಲ್ಲ. ಟೆಸ್ಟ್‌ನಲ್ಲಿ ಹುಡುಗ ರಿವರ್ಸ್ ತೆಗೆದು ತೋರಿಸಿರುತ್ತಾನೆ, ಸಿಗ್ನಲ್ ಹಾಕಿರುತ್ತಾನೆ. ಹಿಂದೆ ಮೂವರು ಕೂತು ಕಿರುಚುವಾಗ ಹೇಗೆ ಓಡಿಸುತ್ತಾನೆ ಅಂತ ಯಾವ ಇನ್‌ಸ್ಪೆಕ್ಟರೂ ನೋಡಿರುವುದಿಲ್ಲ.

ಅಂದ ಹಾಗೆ, ಬಂದಿರುವುದು ಡಿಎಲ್ಲೇ ಅಲ್ವಾ, ಕೇಳಿ ನೋಡಿ. ಎಷ್ಟೋ ಮಕ್ಕಳ ಬಾಯಲ್ಲಿ "ಲೈಸೆನ್ಸ್ ಬಂತು" ಎಂದರೆ ಎಲ್‌ಎಲ್‌ಆರ್ ಬಂತು ಎಂದಷ್ಟೇ ಅರ್ಥ.

"ಹುಡುಗ ಒಳ್ಳೆಯವನೇ" ಎಂದು ಬರೆದಿದ್ದೀರಿ. ನಂಬುತ್ತೇನೆ. ನಾನು 19ರಲ್ಲಿದ್ದಾಗ ನಮ್ಮ ದೊಡ್ಡಪ್ಪನ ಮಗನೂ ಒಳ್ಳೆಯವನೇ. ಬೀಡಿ ಸೇದಿದವನಲ್ಲ, ಜೋರಾಗಿ ಮಾತಾಡಿದವನೂ ಅಲ್ಲ. ಮಲೆನಾಡಿನ ಒಂದು ಮದುವೆಯಿಂದ ವಾಪಸ್ ಬರುತ್ತಿದ್ದೆವು, ಕಾರಿನಲ್ಲಿ ಆರು ಜನ. ಹಿಂದಿನಿಂದ ಯಾರೋ ಚಕ್ಕುಲಿ ಪೊಟ್ಟಣ ಮುಂದೆ ಚಾಚಿದರು. ಅವನು ಒಂದು ಕೈ ಹಿಂದೆ ಮಾಡಿ, ಕತ್ತು ತಿರುಗಿಸಿ ನಕ್ಕ. ಅಷ್ಟೇ. ಮತ್ತೆ ಮುಂದೆ ನೋಡುವಷ್ಟರಲ್ಲಿ ತಿರುವು ಬಂದಾಗಿತ್ತು, ಎಡಗಡೆ ಚಕ್ರ ಎರಡೂ ಚರಂಡಿಯಲ್ಲಿ. ಮೂಳೆ ಮುರಿದದ್ದು ಒಬ್ಬರದೇ, ಅದೂ ಕೈ. ಕಾರು ಓಡಿಸಿದವನು ಮಾತ್ರ ರಸ್ತೆ ಬದಿ ಕೂತು ಬೆಳಗಿನವರೆಗೆ ಅತ್ತ. ಅವತ್ತು ಅವನೊಬ್ಬನೇ ಇದ್ದಿದ್ದರೆ ಚಕ್ಕುಲಿ ಚಾಚುವವರು ಯಾರಿದ್ದರು?

ಹಾಗಾಗಿ ಹುಡುಗನ ಗುಣ ಅಳೆಯುವುದು ಬಿಡಿ. ಸೀಟು ಎಣಿಸಿ. ಅಮೆರಿಕದಲ್ಲಿ ರಸ್ತೆ ಸುರಕ್ಷತೆಯ ಅಧ್ಯಯನ ಮಾಡುವ ಎಎಎ ಫೌಂಡೇಶನ್ 2012ರಲ್ಲಿ ಇದನ್ನೇ ಲೆಕ್ಕ ಹಾಕಿತ್ತು. 16-17 ವಯಸ್ಸಿನ ಚಾಲಕ ಒಬ್ಬನೇ ಹೋಗುವುದಕ್ಕೆ ಹೋಲಿಸಿದರೆ, ಜೊತೆಗೆ 21ರೊಳಗಿನ ಒಬ್ಬರಿದ್ದಾಗ ಅದೇ ದೂರಕ್ಕೆ ಅವನು ಸಾಯುವ ಅಪಾಯ ಶೇ 44 ಜಾಸ್ತಿ. ಇಬ್ಬರಿದ್ದರೆ ಎರಡು ಪಟ್ಟು. ಮೂವರು ಅಥವಾ ಹೆಚ್ಚು ಇದ್ದರೆ ನಾಲ್ಕು ಪಟ್ಟು. 35 ದಾಟಿದ ಒಬ್ಬರು ಕೂತಿದ್ದರೆ ಅದು ಶೇ 62 ಕಡಿಮೆ. ಅಲ್ಲಿನ ರಸ್ತೆ ಬೇರೆ, ನಿಮ್ಮ ಹುಡುಗನಿಗೆ ಒಂದೆರಡು ವರ್ಷ ಜಾಸ್ತಿ, ಒಪ್ಪಿದೆ. ಆದರೆ ತಿರುವು ಬಂದಾಗ ಕತ್ತು ಹಿಂದೆ ತಿರುಗುವುದು ಎಲ್ಲ ಊರಿನಲ್ಲೂ ಒಂದೇ.

ಇನ್ನು ಮುಳ್ಳಯ್ಯನಗಿರಿ ರಸ್ತೆ. ಕಿರಿದು, ಹೇರ್‌ಪಿನ್ ತಿರುವು, ಬೆಳಗಿನ ಜಾವ ಮಂಜು. ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟು ಕೂರಬಾರದು, ಸೆಕೆಂಡ್ ಗೇರ್‌ನಲ್ಲಿ ಇಳಿಸಬೇಕು. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ತುಮಕೂರಿನ ರಿಂಗ್ ರೋಡಿನಲ್ಲಿ ಕಲಿತವನಿಗೆ ಇದೆಲ್ಲ ಎಲ್ಲಿ ಅಭ್ಯಾಸವಾಗಿರುತ್ತದೆ?

ಈ ಟ್ರಿಪ್‌ಗೆ ನನ್ನ ಉತ್ತರ ಬೇಡ ಅಂತಲೇ. ಆದರೆ ಬೆಟ್ಟ ಬೇಡ ಅನ್ನಬೇಡಿ. ಚಿಕ್ಕಮಗಳೂರಿಗೆ ಬಸ್ಸಿದೆ, ಅಲ್ಲಿಂದ ಮೇಲಕ್ಕೆ ಬಾಡಿಗೆ ಜೀಪ್ ಸಿಗುತ್ತದೆ. ಐದು ಜನ ಹಂಚಿಕೊಂಡರೆ ಆಗುವ ಖರ್ಚೇ.

ಊರೊಳಗೆ ಹಗಲು ಹೊತ್ತು, ಅವನ ಜೊತೆ ಇವಳೊಬ್ಬಳೇ ಟ್ಯೂಷನ್‌ಗೆ ಹೋಗುವುದಾದರೆ ನಾನು ಅಷ್ಟು ಹೆದರುವುದಿಲ್ಲ. ಅದಕ್ಕೆ ಮುಂಚೆ ಒಂದು ಭಾನುವಾರ ನೀವೇ ಅವನ ಪಕ್ಕ ಕೂತು ಗುಬ್ಬಿಯವರೆಗೆ ಹೋಗಿ ಬನ್ನಿ. ಸುಮ್ನೆ ಕೂತಿರಿ, ಪಾಠ ಮಾಡಬೇಡಿ. ಮುಂದಿನ ಲಾರಿಗೂ ಇವನಿಗೂ ಎಷ್ಟು ಜಾಗ ಬಿಡುತ್ತಾನೆ, ಹಂಪ್ ಬಂದಾಗ ಮೊದಲೇ ನಿಧಾನಿಸುತ್ತಾನಾ ಅಥವಾ ಕೊನೇ ಕ್ಷಣಕ್ಕೆ ಒತ್ತುತ್ತಾನಾ, ಫೋನ್ ಮಿನುಗಿದಾಗ ಕಣ್ಣು ಎಲ್ಲಿ ಹೋಗುತ್ತದೆ, ಇಷ್ಟು ನೋಡಿದರೆ ಸಾಕು. ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಬೇಕು ಅಂತ ಕಾನೂನೇ ಇದೆ, ಹಾಕದಿದ್ದರೆ 1,000 ರೂಪಾಯಿ ದಂಡ. ಮಗಳಿಗೆ ಅದನ್ನು ಅಭ್ಯಾಸ ಮಾಡಿಸಿ.

ಮತ್ತೆ ಅವಳಿಗೆ ಒಂದು ಮಾತು ಕೊಡಿ. ಯಾವತ್ತಾದರೂ ಕಾರಿನಲ್ಲಿ ಭಯವಾದರೆ ಇಳಿದು ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಬರುತ್ತೀರಿ, ದಾರಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೇಳದೆ ಇರುವುದು ಕಷ್ಟ, ಗೊತ್ತು.

ಒಂದು ವಾರ ಮುಖ ಊದಿಸಿಕೊಂಡಿರುತ್ತಾಳೆ. ಅಷ್ಟರಲ್ಲಿ ಆ ಹುಡುಗನ ತಾಯಿಗೊಂದು ಫೋನ್ ಮಾಡಿ. ಅವರೂ ನಿಮ್ಮ ಹಾಗೆಯೇ ನಿದ್ದೆ ಬಿಟ್ಟು, ಬೇಡ ಅನ್ನುವ ಇನ್ನೊಬ್ಬರು ಸಿಕ್ಕರೆ ಸಾಕಪ್ಪ ಅಂತ ಕಾಯುತ್ತಿರಬಹುದು.