ಗುಂಪಿನಲ್ಲಿ ಎ ಪ್ಲಸ್, ಕಾಪಿಯಲ್ಲಿ ಕೆಂಪು ಶಾಯಿ

(ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ತಂದೆತಾಯಿಯ ಒಪ್ಪಿಗೆಯಿದೆ. ಹುಡುಗನನ್ನು ಇಲ್ಲಿ ಚಿರಂತ್ ಎಂದು ಕರೆಯುತ್ತೇನೆ.)

ಎರಡನೇ ತರಗತಿ, ವಯಸ್ಸು ಏಳು ತುಂಬಿ ಎರಡು ತಿಂಗಳು. ಮಕ್ಕಳ ಕಲಿಕೆಯ ತೊಡಕುಗಳ ಬಗ್ಗೆ ಪೋಷಕರಿಗೆ ಸಲಹೆ ಕೊಡುವುದು ನನ್ನ ಕೆಲಸ. ತಾಯಿ ಬಂದವರೇ ಬ್ಯಾಗಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. “ಮೇಡಂ, ಇವೆರಡೂ ಒಂದೇ ಹುಡುಗನ್ದು ಅಂದ್ರೆ ನಂಬ್ತೀರಾ?”

ಒಂದು, ಶಾಲೆಯ ಟ್ಯಾಬ್ ತರಗತಿಯ ವರದಿ. ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್ ಕೊಟ್ಟು ಸೇರಿ ಕಲಿಯಿರಿ ಎನ್ನುವ ಪದ್ಧತಿ ಅವರಲ್ಲಿದೆ. ಅದರಲ್ಲಿ ಚಿರಂತನಿಗೆ ಎ ಪ್ಲಸ್, “ಒಳ್ಳೆಯ ನಾಯಕತ್ವ” ಎಂಬ ಮಾತು. ಇನ್ನೊಂದು, ಕನ್ನಡ ಕಾಪಿಯ ಹಾಳೆ. ‘ಳ’ ಗೆರೆ ದಾಟಿ ಕೆಳಗಿಳಿದು ಮುಂದಿನ ಸಾಲಿನ ‘ಕ’ದ ತಲೆಯ ಮೇಲೆ ಕೂತಿತ್ತು. ರಬ್ಬರ್ ಉಜ್ಜಿ ಉಜ್ಜಿ ಎರಡು ಕಡೆ ಹಾಳೆ ತೂತು. ಕೆಳಗೆ ಕೆಂಪು ಶಾಯಿಯಲ್ಲಿ: “ಸೋಮಾರಿತನ. ಪೋಷಕರು ಗಮನಿಸಿ.”

ಮನೆಯಲ್ಲಿ ಆಗಲೇ ಮೂರು ತೀರ್ಮಾನಗಳಾಗಿದ್ದವು. ದ್ವಿಚಕ್ರ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟಿರುವ ತಂದೆಯ ಪ್ರಕಾರ ಎಲ್ಲಕ್ಕೂ ಆ ಟ್ಯಾಬೇ ಕಾರಣ. ತಾಯಿಗೆ, ತನ್ನ ಸಾಕಣೆಯಲ್ಲೇ ಏನೋ ತಪ್ಪಾಗಿದೆಯೆಂಬ ಅಳುಕು. ಅಜ್ಜಿ ಮಾತ್ರ ನಿರಾಳ: “ಅವರಪ್ಪನೂ ಹಿಂಗೇ ಇದ್ದ ಕಣಮ್ಮ. ಹತ್ತು ವರ್ಷ ಆದ್ರೂ ಚಡ್ಡಿ ಲಾಡಿ ನಾನೇ ಕಟ್ತಿದ್ದೆ.” ಆ ಮಾತನ್ನು ನಾನು ಆಗ ಸುಮ್ಮನೆ ಬರೆದಿಟ್ಟುಕೊಂಡೆ. ಅದರ ಬೆಲೆ ಗೊತ್ತಾದದ್ದು ಆಮೇಲೆ.

ನಿಜ ಹೇಳಬೇಕೆಂದರೆ ಮೊದಲ ದಿನ ನಾನೂ ತಂದೆಯ ಪಕ್ಷವೇ. ಪರದೆಯ ಲೆಕ್ಕ ಬರೆದು ತನ್ನಿ ಎಂದೆ. ತಾಯಿ ಎರಡು ವಾರ ಚಾಚೂ ತಪ್ಪದೆ ಬರೆದು ತಂದರು: ಟಿವಿ, ಮೊಬೈಲು ಎಲ್ಲ ಸೇರಿ ದಿನಕ್ಕೆ ಅರ್ಧ ಗಂಟೆ, ಭಾನುವಾರ ಒಂದು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವ ಮಿತಿ ದಿನಕ್ಕೆ ಎರಡು ಗಂಟೆಯೊಳಗೆ. ನನ್ನ ಊಹೆ ಅಲ್ಲೇ ಮುಗ್ಗರಿಸಿತು.

ತಂದೆ ಬಿಡಲಿಲ್ಲ. “ರಿಸರ್ಚ್ ಆಗಿದೆಯಂತಲ್ಲ ಮೇಡಂ?” ಆಗಿದೆ, ಆದರೆ ಅದು ಒಂದೇ ಕಡೆ ವಾಲುವುದಿಲ್ಲ. ತೈವಾನಿನಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳನ್ನು 24 ವಾರ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ಯಾಬ್ ಮುಟ್ಟದೆ ಕೈಚಟುವಟಿಕೆ ಮಾಡಿದ ಮಕ್ಕಳ ಬೆರಳ ಕೌಶಲ ಹೆಚ್ಚು ಸುಧಾರಿಸಿತ್ತು. ಅದಕ್ಕೂ ಒಂದು ವರ್ಷ ಮೊದಲು ಬ್ರಿಟನ್ನಿನ 715 ಕುಟುಂಬಗಳನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಬೇಗ ಪರದೆ ಸವರಲು ಕಲಿತ ಕೂಸುಗಳು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದನ್ನೂ ಬೇಗ ಕಲಿತಿದ್ದವು. ಕೈ ಚುರುಕಿದ್ದ ಕೂಸೇ ಪರದೆಯನ್ನೂ ಬೇಗ ಸವರಿರಬಹುದು. ಹಾಗಾಗಿ ಎರಡನೆಯದನ್ನು ಹಿಡಿದುಕೊಂಡು ಟ್ಯಾಬ್ ಒಳ್ಳೆಯದು ಅನ್ನುವ ಹಾಗಿಲ್ಲ, ಮೊದಲನೆಯದನ್ನು ಹಿಡಿದು ಚಿರಂತನ ‘ಳ’ ಟ್ಯಾಬಿನಿಂದಲೇ ಕೆಟ್ಟಿತು ಅನ್ನುವ ಹಾಗೂ ಇಲ್ಲ.

ಶಾಲೆಯ ಅನುಮತಿ ಪಡೆದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಪ್ರಾಣಿಗಳನ್ನು ಅವುಗಳ ಮನೆಗೆ ಬೆರಳಲ್ಲಿ ಎಳೆದು ಸೇರಿಸುವ ಆಟ. ಚಿರಂತನ ಬಾಯಿ ನಿಲ್ಲಲೇ ಇಲ್ಲ. “ಜೇನು ಅಲ್ಲಿ, ಅಲ್ಲಿ! ಗೆದ್ದಲು ಹುತ್ತಕ್ಕೆ!” ಉತ್ತರವೆಲ್ಲ ಅವನದು, ಬೆರಳು ಮಾತ್ರ ಪಕ್ಕದ ಹುಡುಗಿಯದು. ಮೊದಲ ಸಲ ಅವನು ಎಳೆದಾಗ ಕಪ್ಪೆ ನಡುದಾರಿಯಲ್ಲಿ ಜಾರಿ ಬಿತ್ತು. ಮತ್ತೆ ಎಳೆದ, ಮತ್ತೆ ಬಿತ್ತು. “ಏ, ನೀನು ಹೇಳು, ನಾನು ಮಾಡ್ತೀನಿ” ಅಂದಳು ಹುಡುಗಿ. ಜಗಳವಿಲ್ಲ, ಅಳುವಿಲ್ಲ. ನಾನು ಗೋಡೆ ಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಅವನ ಬೆರಳು ಪರದೆ ಮುಟ್ಟಿದ್ದು ಮೂರೇ ಸಲ.

ನಾಯಕತ್ವ ಎಂದು ವರದಿಯಲ್ಲಿ ಬಂದದ್ದು ಇದೇ. ಕೈ ಸೋತಲ್ಲಿ ಬಾಯಿ ಹೋಗಿ ನಿಂತಿತ್ತು. ಗುಂಪಿನ ಅಂಕ ಗುಂಪಿಗೆಲ್ಲ ಒಂದೇ ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಯಾವ ಕೈಗೆ ಅಭ್ಯಾಸ ಹೆಚ್ಚು ಬೇಕಿತ್ತೋ ಆ ಕೈಗೇ ಸರದಿ ಕಡಿಮೆ.

ಇದು ಹೊಸ ವಿಷಯವೇನಲ್ಲ, ನಮ್ಮ ಬೆಂಗಳೂರಿನಲ್ಲೇ ಕಂಡದ್ದು. 2006ರ ಸುಮಾರಿಗೆ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಉದಯ್ ಪವಾರ್, ಜಯೋಜೀತ್ ಪಾಲ್, ಕೆಂಟಾರೊ ತೊಯಾಮ ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪರದೆಯ ಮೇಲೆ ಪ್ರತಿ ಮಗುವಿಗೂ ತನ್ನದೇ ಬಾಣ ಓಡುವಂತೆ ಮಾಡಿದರು. ಒಂದು ಕಂಪ್ಯೂಟರಿನ ಸುತ್ತ ಐದಾರು ಮಕ್ಕಳು ಕೂತರೆ ಮೌಸ್ ಒಬ್ಬರ ಕೈಯಲ್ಲೇ ಉಳಿಯುತ್ತದೆ ಎಂಬುದೇ ಅವರಿಗೆ ಸಿಕ್ಕ ಎಳೆ. ಮುಂದಿನ ವರ್ಷ 238 ಹಳ್ಳಿ ಮಕ್ಕಳೊಂದಿಗೆ ಇಂಗ್ಲಿಷ್ ಪದ ಕಲಿಕೆಯ ಪ್ರಯೋಗ ಮಾಡಿದಾಗ, ಐದು ಮೌಸಿನ ಗುಂಪು ಒಬ್ಬೊಬ್ಬರೇ ಕೂತು ಕಲಿತವರಿಗೆ ಸರಿಸಮವಾಗಿತ್ತು. ಆಟವನ್ನು ಪೈಪೋಟಿಯಾಗಿ ಕಟ್ಟಿದರೋ ಸಹಕಾರವಾಗಿ ಕಟ್ಟಿದರೋ ಅನ್ನುವಷ್ಟರಿಂದಲೇ ಕಲಿಕೆ ಬದಲಾಗುತ್ತಿತ್ತು. ಟ್ಯಾಬ್ ಬಂದು ಮೌಸ್ ಹೋಯಿತು, ಸರದಿಯ ಸಮಸ್ಯೆ ಹೋಗಲಿಲ್ಲ.

ಆದರೆ ಸರದಿ ಸಿಗದ್ದರಿಂದ ಕೈ ಹಿಂದುಳಿಯಿತೋ, ಕೈ ಹಿಂದಿದ್ದದ್ದರಿಂದ ಸರದಿ ಹೋಯಿತೋ? ಮನೆಯ ವಿವರ ಕೆದಕಿದೆ. ಗುಂಡಿ ಹಾಕಿಕೊಳ್ಳಲಾರ. ಊಟದ ಡಬ್ಬಿಯ ಮುಚ್ಚಳ ಗೆಳೆಯರೇ ತೆಗೆದುಕೊಡುತ್ತಾರೆ. ಸೈಕಲ್ಲಿಗೆ ಪಕ್ಕದ ಚಕ್ರ ಇನ್ನೂ ಇವೆ. ಮೆಟ್ಟಿಲಲ್ಲಿ ಎಡವುತ್ತಾನೆ. ಇವೆಲ್ಲ ಟ್ಯಾಬ್ ತರಗತಿಗಿಂತ ಹಳೆಯವು. ಇಲ್ಲಿಗೆ ನನ್ನ ಕೆಲಸದ ಎಲ್ಲೆ ಮುಗಿಯುತ್ತದೆ. ಮಕ್ಕಳ ವೈದ್ಯರಿಗೂ, ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟರಿಗೂ ಕಾಗದ ಬರೆದೆ. ಕಣ್ಣು, ಸ್ನಾಯು, ನರ ಸರಿಯಿವೆ ಎಂದಾಯಿತು. ಥೆರಪಿಸ್ಟ್ ತೂತಿನ ಹಲಗೆಗೆ ಕಡ್ಡಿ ಕೂರಿಸುವುದು, ದಾರ ಪೋಣಿಸುವುದು, ಚೆಂಡು ಹಿಡಿಯುವುದು, ಕುಪ್ಪಳಿಸುವುದು ಎಲ್ಲವನ್ನೂ ಅಳೆದರು. ಕೊನೆಗೆ ವೈದ್ಯರು ಕೊಟ್ಟ ಹೆಸರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ. ಅಂದರೆ ಕೈಕಾಲುಗಳ ಚಲನೆಯ ಹೊಂದಾಣಿಕೆ ವಯಸ್ಸಿಗೆ ತಕ್ಕಷ್ಟು ಬಾರದಿರುವುದು. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಇರುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಸೋಮಾರಿತನಕ್ಕಂತೂ ಇಲ್ಲವೇ ಇಲ್ಲ.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕೈ ನೋಡಿಕೊಂಡು, “ನಂಗೂ ಕಾರ್ಬೊರೇಟರ್ ಬಿಚ್ಚಿ ಹಾಕೋದು ಕಲಿಯಕ್ಕೆ ಬೇರೆಯವರ ಎರಡರಷ್ಟು ದಿನ ಹಿಡೀತು. ಬೈಸ್ಕೊಂಡಿದ್ದಕ್ಕೆ ಲೆಕ್ಕವಿಲ್ಲ” ಅಂದರು. ಈಗ ಕಣ್ಣು ಮುಚ್ಚಿಕೊಂಡು ಬಿಚ್ಚುತ್ತಾರಂತೆ. ಮಗನಿಗೆ ಇದನ್ನು ಹೇಳಿ ಎಂದೆ. ನಾನು ಕೊಟ್ಟ ಸಲಹೆಗಳಲ್ಲಿ ಬಹುಶಃ ಇದೇ ಅಗ್ಗದ್ದು, ಇದೇ ಹೆಚ್ಚು ಕೆಲಸ ಮಾಡಿದ್ದು.

ಉಳಿದ ಸಲಹೆ ಹೀಗಿತ್ತು. ಯಾವುದನ್ನು ಮೊದಲು ಕಲಿಯಬೇಕೆಂದು ಚಿರಂತನೇ ಹೇಳಲಿ. ಕೆನಡಾದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ಮಗುವೇ ಗುರಿ ಇಟ್ಟುಕೊಂಡು, ಉಪಾಯ ಹೂಡಿ, ಮಾಡಿ ನೋಡಿ, ಸರಿಹೋಯಿತೇ ಎಂದು ತಾನೇ ಪರೀಕ್ಷಿಸುತ್ತದೆ. ಥೆರಪಿಸ್ಟ್ ಅದನ್ನೇ ಹಿಡಿದಿದ್ದರು. ನಾವೆಲ್ಲ ಅಕ್ಷರ ಎನ್ನುತ್ತಾನೆ ಅಂದುಕೊಂಡಿದ್ದೆವು. ಅವನು ಅಂದದ್ದು “ಡಬ್ಬಿ ಮುಚ್ಚಳ.”

ಮನೆಯಲ್ಲಿ ಬೇರೆ ‘ಎಕ್ಸರ್ಸೈಜು’ ಬೇಡ ಎಂದೆ. ಅವರೆಕಾಯಿ ಕಾಲ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತಕಿ ಬೇಳೆ ಚಿಮ್ಮಿಸುವುದಕ್ಕಿಂತ ಒಳ್ಳೆಯ ಬೆರಳಾಟ ಯಾವುದಿದೆ? ಅಜ್ಜಿ ಜೊತೆ ಒಂದು ಲೋಟದಷ್ಟು ಸಾಕು, ಬೇಳೆ ನೆಲಕ್ಕೆ ಹಾರಿದರೆ ಯಾರೂ ಬೈಯಬಾರದು. ಹಾಗಂತ ಹಳೆಯ ಕಾಲದ ಆಟ ಆಡಿಸಿದರೆ ಡಿಸಿಡಿ ಮಾಯವಾಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ.

ಸರ್ಕಾರಿ ಶಾಲೆಯಲ್ಲಿ ಟೀಚರಾಗಿರುವ ತಮ್ಮ ನಾದಿನಿಯನ್ನೂ ತಾಯಿ ಒಮ್ಮೆ ಕರೆದುಕೊಂಡು ಬಂದಿದ್ದರು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಗುಂಪು ಕಲಿಕೆ ಮೊದಲಿನಿಂದ ಇದೆ. ಆದರೆ ಮಗುವಿಗೆ ತನ್ನ ಕಾರ್ಡು ತನ್ನದೇ, ಗೋಡೆಯ ಕೆಳಭಾಗದ ಹಲಗೆಯಲ್ಲಿ ಬರೆಯುವ ಜಾಗವೂ ತನ್ನದೇ. “ಅತ್ತಿಗೆ, ನಮ್ಮನೆ ಗೋಡೆಗೂ ಒಂದು ಹಲಗೆ ಹೊಡೆಸಿ” ಅಂದರು ಆಕೆ. ನಿಂತು, ತೋಳಾಡಿಸಿ, ದೊಡ್ಡದಾಗಿ ಬರೆಯುವುದನ್ನು ಥೆರಪಿಸ್ಟ್ ಕೂಡ ಹೇಳಿದ್ದರು.

ಶಾಲೆಯೊಂದಿಗಿನ ಮಾತು ಇಷ್ಟು ಸಲೀಸಾಗಿರಲಿಲ್ಲ. ಹಾಗಾದರೆ ಎಲ್ಲವನ್ನೂ ಟೈಪ್ ಮಾಡಲಿ ಬಿಡಿ ಎಂದರು. ಅದಕ್ಕೂ ನಾನು ಒಪ್ಪಲಿಲ್ಲ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯಾರೆ ಬರೆದು ಕಲಿತ ಅಕ್ಷರ ಕಂಡಾಗ ಮಿದುಳಿನ ಓದಿನ ಜಾಲ ಎಚ್ಚೆತ್ತಿತು. ಟೈಪ್ ಮಾಡಿ, ಗೆರೆ ತಿದ್ದಿ ಕಲಿತದ್ದಕ್ಕೆ ಹಾಗಾಗಲಿಲ್ಲ. ಆದ್ದರಿಂದ ಪರಿಸರ ಅಧ್ಯಯನದ ಉತ್ತರ ಬಾಯಲ್ಲಿ ಹೇಳಲಿ, ಕನ್ನಡವನ್ನು ಬರೆಯಲಿ, ಆದರೆ ಹತ್ತು ಸಾಲಿನ ಕಡೆ ಮೂರು. ಟ್ಯಾಬ್ ಗುಂಪಿನಲ್ಲಿ ಎಳೆಯುವ ಸರದಿ ಗಡಿಯಾರದ ಪ್ರಕಾರ ಬದಲಾಗಲಿ. ಅವನ ಕಪ್ಪೆ ಬಿದ್ದರೆ ಮತ್ತೆ ಎಳೆಯುವುದೂ ಅವನೇ. ಚಿತ್ರ ಸಣ್ಣದಾಗಿದ್ದರೆ ದೊಡ್ಡದು ಮಾಡಿಕೊಡಿ. ಮತ್ತು ಆ ಕೆಂಪು ಶಾಯಿಯ ಪದ ಮತ್ತೆ ಬರಬಾರದು. ಕೊನೆಯದಕ್ಕೆ ತರಗತಿ ಶಿಕ್ಷಕಿ ತಕ್ಷಣ ಒಪ್ಪಿದರು, ಅವರ ಮುಖ ಸಣ್ಣಗಾಗಿತ್ತು. ನಲವತ್ತೆರಡು ಮಕ್ಕಳ ತರಗತಿ ಅವರದು. ಅದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

“ಇದು ವಾಸಿ ಆಗುತ್ತಾ ಮೇಡಂ?” ಎಂದು ತಾಯಿ ಪ್ರತಿ ಸಲವೂ ಕೇಳುತ್ತಾರೆ. ಜ್ವರದಂತೆ ಬಿಟ್ಟುಹೋಗುವುದಲ್ಲ. ಎಷ್ಟೋ ಮಂದಿಗೆ ದೊಡ್ಡವರಾದ ಮೇಲೂ ಇರುತ್ತದೆ, ಬೇಕಾದ ಕೆಲಸವನ್ನು ತಮ್ಮದೇ ದಾರಿಯಲ್ಲಿ ಕಲಿಯುತ್ತಾರೆ ಎಂದೇ ನಾನೂ ಪ್ರತಿ ಸಲ ಹೇಳುತ್ತೇನೆ.

ನಾಲ್ಕು ತಿಂಗಳಾಯಿತು. ಮುಚ್ಚಳ ಬರುತ್ತದೆ: ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಮೂಲೆಯಿಂದ ಎಬ್ಬುವುದು ಅವನದೇ ಉಪಾಯ. ‘ಳ’ ಇನ್ನೂ ಕೆಳಗಿಳಿಯುತ್ತದೆ. ಟ್ಯಾಬ್ ಗುಂಪಿನಲ್ಲಿ ಈಗ ಸರದಿ ಸಿಗುತ್ತಿರುವುದರಿಂದ ಗುಂಪಿನ ಅಂಕ ಎ ಪ್ಲಸ್‌ನಿಂದ ಬಿ ಪ್ಲಸ್‌ಗೆ ಇಳಿದಿದೆ, ಪಕ್ಕದ ಹುಡುಗಿಯ ತಾಯಿ ಅದನ್ನು ಪೋಷಕರ ಸಭೆಯಲ್ಲಿ ಕೇಳಿದರಂತೆ. ವಾರ್ಷಿಕ ಪರೀಕ್ಷೆಗೆ ಮುಂಚೆ ಹೆಚ್ಚುವರಿ ಸಮಯದ ಬಗ್ಗೆ ಮಾತಾಡಲು ಮುಂದಿನ ತಿಂಗಳು ಶಾಲೆಗೆ ಹೋಗುವುದಿದೆ. ಆಗ ಅಂಕ ಕೊಡುವ ಕ್ರಮವನ್ನೂ ಎತ್ತಬೇಕು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.