ಕಂಪನಿಯೇ ಕಟ್ಟಿದ ರೇಸ್ ಕಾರಿಗೆ ಮತ್ತೆ ಯಾಕೆ ಇಷ್ಟು ಖರ್ಚು?

ನೇರ ಟ್ರ್ಯಾಕಿನಲ್ಲಿ ಕಾರು ಓಡಿಸುವ ಡ್ರ್ಯಾಗ್ ರೇಸುಗಳನ್ನು ನಡೆಸುವ ಅಮೆರಿಕದ ಸಂಸ್ಥೆ ಎನ್‌ಎಚ್‌ಆರ್‌ಎ. ಅದರ ಫ್ಯಾಕ್ಟರಿ ಸ್ಟಾಕ್ ಶೋಡೌನ್ ಅನ್ನುವ ವಿಭಾಗದ ಕಾರುಗಳು ಕಂಪನಿಯಿಂದಲೇ ರೆಡಿಯಾಗಿ ಬರುತ್ತವೆ, ಹಾಗಿದ್ದೂ ಖರ್ಚು ಯಾಕೆ ಏರುತ್ತಲೇ ಇದೆ ಅಂತ ಕೇಳಿದ್ದೀರಿ.

ಕಾರಿನ ಬೆಲೆಯೇ ಮೊದಲು ಏರಿತು. 2018ರ ಫೋರ್ಡ್ ಕೋಬ್ರಾ ಜೆಟ್‌ಗೆ, ಅಂದ್ರೆ ಮಸ್ಟಾಂಗ್ ಕಾರಿನ ರೇಸ್ ರೂಪಕ್ಕೆ, 1,30,000 ಡಾಲರ್ ಇತ್ತು. ರಸ್ತೆಯಲ್ಲಿ ಓಡಿಸುವ ಹಾಗೂ ಇಲ್ಲ, ಬರೀ ಟ್ರ್ಯಾಕಿಗೆ.

ಆದರೆ ದುಡ್ಡು ಜಾಸ್ತಿ ಕರಗುವುದು ಕೊಂಡ ಮೇಲೆ. ಗೆಲ್ಲಲೇಬೇಕು ಅನ್ನುವವರು ಹೊಚ್ಚ ಹೊಸ ಎಂಜಿನ್ನನ್ನೇ ಬಿಚ್ಚಿಸಿ, ನುರಿತವರ ಕೈಯಲ್ಲಿ ಮತ್ತೆ ಕಟ್ಟಿಸುತ್ತಾರೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ (ಬೆಲ್ಟು ತಿರುಗಿಸುವ ಗಾಲಿ) ಹಾಕಿದರೆ ಅದು ಇನ್ನೂ ಜೋರಾಗಿ ತಿರುಗಿ ಜಾಸ್ತಿ ಗಾಳಿ ತುಂಬುತ್ತದೆ. ಪವರ್ ಏರುತ್ತದೆ, ಬಿಸಿಯೂ ಏರುತ್ತದೆ, ಬೆಲ್ಟು, ಪಿಸ್ಟನ್ನು ಬೇಗ ಹಾಳಾಗುತ್ತವೆ. ಎಂಟೂವರೆ ಸೆಕೆಂಡಿನ ಆಸುಪಾಸು ಅಂತ ಫೋರ್ಡ್ ಹೇಳಿದ್ದ ಕಾಲು ಮೈಲಿಯನ್ನು ಮುಂಚೂಣಿಯವರು ಎಂಟರೊಳಗೇ ಮುಗಿಸುತ್ತಾರೆ. ಅರ್ಧ ಸೆಕೆಂಡ್ ಅಂದ್ರೆ ಇಲ್ಲಿ ಬಹಳ ದೊಡ್ಡದು!

ಜಗಳ ಶುರುವಾಗುವುದು ತೂಕದ ವಿಷಯದಲ್ಲಿ. ಷೆವ್ರೊಲೆ ಕಮಾರೋ, ಫೋರ್ಡ್ ಮಸ್ಟಾಂಗ್, ಡಾಜ್ ಚಾಲೆಂಜರ್, ಇವುಗಳಲ್ಲಿ ಒಂದು ಮುಂದೆ ಹೋದರೆ ಎನ್‌ಎಚ್‌ಆರ್‌ಎಯವರು ಆ ಕಾರು, ಎಂಜಿನ್ ಜೋಡಿಗೆ ಇರಲೇಬೇಕಾದ ಕನಿಷ್ಠ ತೂಕವನ್ನು ಹೆಚ್ಚಿಸುತ್ತಾರೆ. ಅದೇ ಕಾರು ಇಟ್ಟುಕೊಂಡು ಹಿಂದೆ ಉಳಿದವನೂ ಆ ಭಾರ ಹೊರಬೇಕು. ದುಡ್ಡಿದ್ದವರು ಸಸ್ಪೆನ್ಷನ್, ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ಸಾಗಿಸುವ ಟಾರ್ಕ್ ಕನ್ವರ್ಟರ್ ಎಲ್ಲ ಮತ್ತೆ ಹೊಂದಿಸಿಕೊಳ್ಳುತ್ತಾರೆ. ಸಣ್ಣ ತಂಡದವರು ಏನು ಮಾಡಬೇಕು? ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ. ತೂಕ ಹೇರುವ ಬದಲು ಪುಲ್ಲಿಯ ಅಳತೆ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ಇವೆರಡನ್ನೂ ಬಿಗಿಯಾಗಿ ಕಟ್ಟಿಹಾಕುವುದೇ ಒಳ್ಳೆಯದು. ಎಂಜಿನ್ ಬಾಳಿಕೆ ಬರುತ್ತದೆ, ತಪಾಸಣೆಯಲ್ಲಿ ಅಳೆಯುವುದೂ ಸುಲಭ.