ಇಂಗ್ಲಿಷ್‌ನಲ್ಲೂ ಊರಿಗೊಂದು ಮಾತು, ಮನೆಗೊಂದು ಗಾದೆ ಇದೆಯಾ?

ನಮ್ಮಲ್ಲಿ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಮಂಡ್ಯದ ಕನ್ನಡ ಇರುವ ಹಾಗೆ ಇಂಗ್ಲೆಂಡಿನಲ್ಲೂ ಇದೆಯಾ, ಅಲ್ಲಿ ಬೆಳೆದವರಿಗೆ ಅಜ್ಜಿಯರ ಬಾಯಲ್ಲಿ ಕೇಳಿದ ಮಾತು ಏನಾದರೂ ನೆನಪಿದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಅಲ್ಲಿ ಬೆಳೆದವಳು, ನೆನಪೂ ಇದೆ.

1979ರ ಜನವರಿಯಲ್ಲಿ ನಾವು ಹಾಸನದಿಂದ ಬಾರ್ನ್ಸ್ಲಿಗೆ ಹೋದೆವು. ನನಗಾಗ ಏಳು ವರ್ಷ. ಬಾರ್ನ್ಸ್ಲಿ ಅಂದರೆ ಇಂಗ್ಲೆಂಡಿನ ಉತ್ತರ ಭಾಗದ ದಕ್ಷಿಣ ಯಾರ್ಕ್‌ಷೈರಿನಲ್ಲಿ, ಲೀಡ್ಸ್‌ಗೂ ಶೆಫೀಲ್ಡ್‌ಗೂ ನಡುವೆ ಇರುವ ಊರು, ಆಗ ಕಲ್ಲಿದ್ದಲಿನ ಊರು. ಅಪ್ಪ ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಅಮ್ಮನೂ ಕೆಲಸಕ್ಕೆ ಸೇರಿದ ಮೇಲೆ, ಶಾಲೆ ಬಿಟ್ಟ ನಂತರ ನನ್ನನ್ನು ನೋಡಿಕೊಂಡವರು ಪಕ್ಕದ ಮನೆಯ ಅಜ್ಜಿ. ಅವರ ಗಂಡ ಗಣಿಯಲ್ಲಿ ದುಡಿದು, ಎದೆಯಲ್ಲಿ ಧೂಳು ತುಂಬಿಕೊಂಡು ತೀರಿಹೋಗಿದ್ದರು. ಆ ಕಡೆ ಅಜ್ಜಿಗೆ ‘ನ್ಯಾನನ್’ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

ಮೊದಲ ದಿನ ಅವರ ಮನೆಗೆ ಹೋದಾಗ ಹೊರಗೆ ಹಿಮ. ನಾನು ಬಾಗಿಲು ತೆರೆದು ಒಳಗೆ ಕಾಲಿಟ್ಟೆ. ಅವರು ಒಲೆಯ ಮುಂದೆ ಕೂತಲ್ಲಿಂದಲೇ ‘ಪುಟ್ ವುಡ್ ಇನ್ ಟ್ ಆಯಿಲ್’ ಅಂದರು. ವುಡ್ ಅಂದರೆ ಕಟ್ಟಿಗೆ, ಆಯಿಲ್ ಅಂದರೆ ಎಣ್ಣೆ, ಅಷ್ಟು ಇಂಗ್ಲಿಷ್ ನಾನು ಹಾಸನದಲ್ಲೇ ಕಲಿತಿದ್ದೆ. ಆದರೆ ಕಟ್ಟಿಗೆಯನ್ನು ಎಣ್ಣೆಗೆ ಯಾಕೆ ಹಾಕಬೇಕು? ಸುತ್ತ ನೋಡಿದೆ, ಎಣ್ಣೆ ಎಲ್ಲೂ ಕಾಣಲಿಲ್ಲ. ಸುಮ್ನೆ ನಿಂತೆ, ತಣ್ಣನೆ ಗಾಳಿ ಒಳಗೆ ನುಗ್ಗುತ್ತಾ ಇತ್ತು. ಅವರು ನಿಧಾನವಾಗಿ ಎದ್ದು ಬಂದು ಬಾಗಿಲಿನ ಹಲಗೆಯನ್ನು ಬೆರಳಿನಿಂದ ತಟ್ಟಿದರು, ‘ವುಡ್’. ಆಮೇಲೆ ಚೌಕಟ್ಟಿನ ಖಾಲಿ ಜಾಗ ತೋರಿಸಿದರು, ‘ಆಯಿಲ್’. ಹಲಗೆಯನ್ನು ತೂತಿಗೆ ಹಾಕು, ಅಂದರೆ ಬಾಗಿಲು ಮುಚ್ಚು. ಹೋಲ್ ಅನ್ನುವುದು ಅವರ ಬಾಯಲ್ಲಿ ಹಕಾರ ಉದುರಿಸಿಕೊಂಡು ಆಯಿಲ್ ಆಗಿತ್ತು. ಕೋಲ್ ಅನ್ನುವುದು ಕಾಯಿಲ್. ಕಲ್ಲಿದ್ದಲು ತುಂಬಿಡುವ ಗೂಡಿಗೆ ‘ಕಾಯಿಲ್ ಆಯಿಲ್’, ಮೀನು ಮತ್ತು ಚಿಪ್ಸ್ ಮಾರುವ ಅಂಗಡಿಗೆ ‘ಚಿಪ್ ಆಯಿಲ್’.

ಅದೇ ವಾರ ಇನ್ನೊಂದು ನಡೆಯಿತು. ಶಾಲೆಯಿಂದ ನಡುಗುತ್ತಾ ಬಂದ ನನ್ನನ್ನು ನೋಡಿ ನ್ಯಾನನ್ ‘ದಾ ಲುಕ್ಸ್ ಸ್ಟಾರ್ವ್ಡ್, ಲವ್’ ಅಂದರು. ನಾನು ಅದನ್ನು ಹಾಗೇ ಅಮ್ಮನಿಗೆ ಹೇಳಿದೆ. ಅಮ್ಮನ ಮುಖ ಸಪ್ಪಗಾಯಿತು. ಊಟಕ್ಕಿಲ್ಲದ ಮನೆಯ ಮಗು ಅಂದುಕೊಂಡರಾ ಅಂತ ಆ ರಾತ್ರಿ ಅಪ್ಪನ ಹತ್ತಿರ ಹೇಳಿಕೊಂಡು ಅತ್ತಳು. ಎರಡು ದಿನ ಬಿಟ್ಟು ನ್ಯಾನನ್ ಕೈಯಲ್ಲಿ ಹೆಣೆದ ಒಂದು ಕಂದು ಸ್ವೆಟರ್ ತಂದು ನನಗೆ ಹಾಕಿದರು, ತೋಳು ಸ್ವಲ್ಪ ಉದ್ದ ಇತ್ತು, ಎರಡು ಮಡಿಕೆ ಮಡಿಸಿದರು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸ್ಟಾರ್ವ್ಡ್ ಅಂದರೆ ಹಸಿದವರು ಅಲ್ಲ, ಚಳಿಯಲ್ಲಿ ಮರಗಟ್ಟಿದವರು. ಹಳೇ ಇಂಗ್ಲಿಷ್‌ನಲ್ಲಿ ಆ ಪದಕ್ಕೆ ಸಾಯುವುದು ಅಂತ ಅರ್ಥ ಇತ್ತಂತೆ. ದಕ್ಷಿಣದವರು ಅದನ್ನು ಹಸಿವಿಗೆ ಇಟ್ಟುಕೊಂಡರು, ಇವರು ಚಳಿಗೆ ಇಟ್ಟುಕೊಂಡರು. ಈ ಒಂದು ಪದ ತಿಳಿಯದೆ ಅಮ್ಮ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು.

‘ಸ್ಪೈಸ್’ ಬೇಕಾ ಅಂತ ಕೇಳಿದರೆ ಮಸಾಲೆ ಅಲ್ಲ, ಮಿಠಾಯಿ. ಹತ್ತಿರದ ಪಾಂಟಿಫ್ರಾಕ್ಟ್ ಊರಿನ ಒಂದು ಮಿಠಾಯಿ ಇದೆ, ಕರಿ ನಾಣ್ಯದ ಹಾಗೆ ದುಂಡಗೆ, ಮೇಲೆ ಮುದ್ರೆ ಒತ್ತಿರುತ್ತಾರೆ. ಒಂದನ್ನು ಅಮ್ಮನ ಬಾಯಿಗಿಟ್ಟೆ. ಅಮ್ಮ ಚೀಪಿ, ಕಣ್ಣು ಅರಳಿಸಿ, ‘ಇದು ಜೇಷ್ಠಮಧು ಕಣೇ, ಕೆಮ್ಮಿಗೆ ಅಜ್ಜಿ ಗ್ರಂಧಿಗೆ ಅಂಗಡಿಯಿಂದ ತರಿಸ್ತಿದ್ರಲ್ಲ, ಅದೇ!’ ಅಂದಳು. ಬಾರ್ನ್ಸ್ಲಿಗೆ ಹೋದ ಮೇಲೆ ಅಮ್ಮ ಅಷ್ಟು ಖುಷಿಯಾಗಿದ್ದು ಅವತ್ತೇ ಮೊದಲು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಶಾಲೆಯಲ್ಲಿ ಕಲಿಯುವುದು ಏನು? ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ ಯೂ ಒಂದೇ ಅಂತ, ಅಲ್ವಾ? ಬಾರ್ನ್ಸ್ಲಿಯಲ್ಲಿ ಹಾಗಲ್ಲ. ಅಲ್ಲಿ ನೀನು ಅನ್ನುವುದಕ್ಕೆ ‘ದಾ’, ನಿನ್ನನ್ನು ಅನ್ನುವುದಕ್ಕೆ ‘ದೀ’, ನಿನಗೆ ನೀನೇ ಅನ್ನುವುದಕ್ಕೆ ‘ದಿಸೆನ್’. ಮಿಕ್ಕ ಕಡೆ ಬಹುಪಾಲು ಸತ್ತುಹೋದ ಹಳೇ ‘ದೌ’ ಅಲ್ಲಿ ಜೀವಂತ ಇದೆ. ನ್ಯಾನನ್ ನನಗೆ ದಾ ಅನ್ನುತ್ತಿದ್ದರು, ತಮ್ಮ ಮಕ್ಕಳಿಗೆ ದಾ, ಬೆಕ್ಕಿಗೂ ದಾ. ಅಪ್ಪ ಎದುರಾದರೆ ‘ಯೂ, ಡಾಕ್ಟರ್’. ಅಮ್ಮನಿಗೂ ಯೂ. ನಾನು ಇದನ್ನು ಗಮನಿಸದೆ ಒಂದು ದಿನ ಶಾಲೆಯಲ್ಲಿ ಟೀಚರಿಗೆ ದಾ ಅಂದುಬಿಟ್ಟೆ, ಬೈಸಿಕೊಂಡು ಬಂದೆ. ನ್ಯಾನನ್ ನಗಲಿಲ್ಲ. ಎದುರಿಗೆ ಕೂರಿಸಿಕೊಂಡು ಒಂದು ಗಾದೆ ಹೇಳಿಕೊಟ್ಟರು: ‘ಡೋಂಟ್ ದೀ ದಾ ದೆಮ್ ಆ್ಯಸ್ ದಾಸ್ ದೀ.’ ನಿನ್ನನ್ನು ನೀನು ಅನ್ನುವ ದೊಡ್ಡವರಿಗೆ ನೀನು ತಿರುಗಿ ನೀನು ಅನ್ನಬೇಡ. ಮಿಕ್ಕ ಇಂಗ್ಲಿಷರಿಗೆ ಈ ಗಾದೆ ಬಿಡಿಸಿ ಹೇಳಬೇಕು. ಹಾಸನದ ಹುಡುಗಿಗೆ ಬೇಕಾಗಿರಲಿಲ್ಲ. ನಮ್ಮಜ್ಜಿ ಬಸ್ ಕಂಡಕ್ಟರಿಗೂ ನೀವು ಅನ್ನು ಅಂತ ಕಲಿಸಿದ್ದರಲ್ಲ, ಅದೇ ಪಾಠ. (ಪಕ್ಕದ ಶೆಫೀಲ್ಡಿನವರು ದೀ, ದಾ ಅನ್ನುವುದನ್ನು ಡೀ, ಡಾ ಅನ್ನುತ್ತಾರೆ ಅಂತ ಬಾರ್ನ್ಸ್ಲಿಯವರು ಅವರನ್ನು ‘ಡೀ ಡಾರ್’ ಅಂತ ಕರೆಯುತ್ತಾರೆ. ಇಪ್ಪತ್ತು ಕಿಲೋಮೀಟರಿನಷ್ಟು ದೂರಕ್ಕೇ ಮಾತು ಬೇರೆ.)

ಇನ್ನೊಂದು. ಬಾರ್ನ್ಸ್ಲಿಯವರು ಫೈವ್ ಪೌಂಡ್, ಟೂ ಮೈಲ್, ತ್ರೀ ಇಯರ್ ಅನ್ನುತ್ತಿದ್ದರು, ಬಹುವಚನದ ಎಸ್ ಹಚ್ಚುತ್ತಿರಲಿಲ್ಲ. ನಾವೂ ಹತ್ತು ರೂಪಾಯಿ, ಎರಡು ಮೈಲಿ ಅಂತೀವೇ ಹೊರತು ರೂಪಾಯಿಗಳು, ಮೈಲಿಗಳು ಅನ್ನಲ್ಲ. ಸಂಖ್ಯೆ ಹೇಳಿದ ಮೇಲೆ ಇನ್ನೇನು ಬೇಕು?

ಅಮ್ಮನಿಗೆ ಮಾತ್ರ ಭಯ. ಮಗಳು ‘ಕೆಟ್ಟ ಇಂಗ್ಲಿಷ್’ ಕಲಿಯುತ್ತಿದ್ದಾಳೆ, ನಾಳೆ ಇವಳ ಗತಿ ಏನು ಅಂತ. ಆ ಭಯ ಆ ಊರಿನ ಎಷ್ಟೋ ತಾಯಂದಿರಿಗೂ ಇತ್ತು. ಇದು ಕೆಟ್ಟ ಇಂಗ್ಲಿಷ್ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳು ನನ್ನನ್ನು ಆಟಕ್ಕೆ ಕರೆಯುತ್ತಿದ್ದದ್ದು ‘ಲೇಕಿನ್’ ಬರ್ತೀಯಾ ಅಂತ. ಆ ಲೇಕ್ ಅನ್ನುವ ಪದ ಉತ್ತರ ಯೂರೋಪಿನಿಂದ ಹಡಗಿನಲ್ಲಿ ದಂಡೆತ್ತಿ ಬಂದ ವೈಕಿಂಗರದ್ದು, ಅವರು ಯಾರ್ಕ್ ನಗರವನ್ನು ಹಿಡಿದದ್ದು 866ರಲ್ಲಿ. ಸಾವಿರ ವರ್ಷ ದಾಟಿ ಬಂದ ಪದವನ್ನು ಬೀದಿ ಮಕ್ಕಳು ಬಾಯಲ್ಲಿ ಇಟ್ಟುಕೊಂಡು ಚೆಂಡು ಆಡುತ್ತಿದ್ದರು. ಅದನ್ನು ತಪ್ಪು ಅಂತ ತಿದ್ದುವುದು ಯಾವ ನ್ಯಾಯ?

ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದರು. ಜೋಸೆಫ್ ರೈಟ್ ಅಂತ ಒಬ್ಬರು, 1855ರಲ್ಲಿ ಬ್ರಾಡ್‌ಫೋರ್ಡ್ ಹತ್ತಿರ ಹುಟ್ಟಿದವರು. ಚಿಕ್ಕ ಹುಡುಗನಾಗಿದ್ದಾಗಲೇ ದುಡಿಯಲು ಹೋಗಿ ಗಿರಣಿ ಸೇರಿದವರು, ಹದಿನೈದು ವರ್ಷದವರೆಗೂ ಓದಲು ಬರುತ್ತಿರಲಿಲ್ಲ. ಆಮೇಲೆ ತಾವೇ ಕಲಿತು ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು. 1898ರಿಂದ 1905ರ ತನಕ ಆರು ಸಂಪುಟಗಳಲ್ಲಿ ಇಂಗ್ಲಿಷ್ ಉಪಭಾಷೆಗಳ ನಿಘಂಟು ತಂದರು. ನಮ್ಮ ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಹೆಚ್ಚುಕಡಿಮೆ ಅದೇ ಕಾಲ. ಮುಂದೆ 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದವರು 313 ಊರುಗಳಿಗೆ ಹೋಗಿ, ಹೆಚ್ಚಾಗಿ ವಯಸ್ಸಾದವರನ್ನೇ ಹುಡುಕಿ ಕೂರಿಸಿಕೊಂಡು, ಇದಕ್ಕೆ ನೀವೇನಂತೀರಿ, ಅದಕ್ಕೇನಂತೀರಿ ಅಂತ ಸಾವಿರಕ್ಕೂ ಜಾಸ್ತಿ ಪ್ರಶ್ನೆ ಕೇಳಿ ಬರೆದುಕೊಂಡರು. ನಮ್ಮ ಹಳ್ಳಿಗಳಲ್ಲೂ ಇಂಥ ಕೆಲಸ ಇನ್ನೂ ಎಷ್ಟೋ ಆಗಬೇಕು.

ಗಾದೆ ಕೇಳಿದ್ದೀರಲ್ಲ. ‘ವೇರ್ ದೇರ್ಸ್ ಮಕ್, ದೇರ್ಸ್ ಬ್ರಾಸ್’, ಕೊಳಕು ಇದ್ದಲ್ಲಿ ಕಾಸು. ಬ್ರಾಸ್ ಅಂದರೆ ಅಲ್ಲಿ ದುಡ್ಡು. ಅಪ್ಪ ಇದನ್ನು ಕೇಳಿದ ತಕ್ಷಣ ಕೈ ಕೆಸರಾದರೆ ಬಾಯಿ ಮೊಸರು ಅಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ನ್ಯಾನನ್‌ಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆ ಮೇಲಿನ ಗಂಡನ ಫೋಟೋ ನೋಡಿ, ಕೆಸರು ನಮ್ಮ ಕಡೆ ಬಂತು, ಮೊಸರು ಬೇರೆ ಕಡೆ ಹೋಯಿತು ಅಂದರು. ಅಪ್ಪ ಆ ಗಾದೆಯನ್ನು ಮತ್ತೆ ಅವರ ಮುಂದೆ ಎತ್ತಲಿಲ್ಲ.

ಕೆಲಸಕ್ಕೆ ಬಾರದ ವಸ್ತುವಿಗೋ ಮನುಷ್ಯನಿಗೋ ‘ನೈದರ್ ಯೂಸ್ ನಾರ್ ಆರ್ನಮೆಂಟ್’, ಉಪಯೋಗಕ್ಕೂ ಇಲ್ಲ, ಅಂದಕ್ಕೂ ಇಲ್ಲ. ಏನಾದರೂ ಆಶ್ಚರ್ಯವಾದರೆ ‘ಐಲ್ ಗೋ ಟು ಫುಟ್ ಆಫ್ ಅವರ್ ಸ್ಟೇರ್ಸ್’, ನಮ್ಮ ಮನೆ ಮೆಟ್ಟಿಲ ಬುಡಕ್ಕೆ ಹೋಗ್ತೀನಿ. ಯಾಕೆ ಮೆಟ್ಟಿಲು ಅಂತ ಕೇಳಿದರೆ ನಮ್ಮಮ್ಮ ಹಾಗಂತಿದ್ದಳು ಅನ್ನುವುದೇ ಉತ್ತರ.

ನ್ಯಾನನ್ ದಿನಾ ಹೇಳುತ್ತಿದ್ದದ್ದು, ಯಾರ್ಕ್‌ಷೈರಿನವರೆಲ್ಲ ತಮ್ಮ ಧ್ಯೇಯವಾಕ್ಯ ಅಂತ ಹೇಳಿಕೊಳ್ಳುವುದು, ಇದು: ‘ಹಿಯರ್ ಆಲ್, ಸೀ ಆಲ್, ಸೇ ನೌಟ್. ಈಟ್ ಆಲ್, ಸಪ್ ಆಲ್, ಪೇ ನೌಟ್. ಅಂಡ್ ಇಫ್ ಎವರ್ ದಾ ಡಸ್ ಔಟ್ ಫರ್ ನೌಟ್, ಆಲಸ್ ಡೂ ಇಟ್ ಫರ್ ದಿಸೆನ್.’ ನೌಟ್ ಅಂದರೆ ಏನೂ ಇಲ್ಲ, ಔಟ್ ಅಂದರೆ ಏನಾದರೂ. ಎಲ್ಲ ಕೇಳು, ಎಲ್ಲ ನೋಡು, ಏನೂ ಹೇಳಬೇಡ. ಎಲ್ಲ ತಿನ್ನು, ಎಲ್ಲ ಕುಡಿ, ಬಿಡಿಗಾಸೂ ಕೊಡಬೇಡ. ಪುಕ್ಕಟೆ ಏನಾದರೂ ಮಾಡುವುದಾದರೆ ನಿನಗೋಸ್ಕರವೇ ಮಾಡಿಕೋ. ಅಪ್ಪ ತಿಂಗಳ ಕೊನೆಗೆ ನನ್ನನ್ನು ನೋಡಿಕೊಂಡದ್ದಕ್ಕೆ ದುಡ್ಡು ಕೊಡಲು ಹೋದಾಗಲೆಲ್ಲ ನ್ಯಾನನ್ ಈ ಗಾದೆಯನ್ನು ಪೂರ್ತಿ ಹೇಳಿ, ಕವರನ್ನು ಅಪ್ಪನ ಕೋಟಿನ ಜೇಬಿಗೇ ತಿರುಗಿ ತುರುಕುತ್ತಿದ್ದರು. ಹೀಗೆ ಐದು ವರ್ಷ.

1984ರ ಮಾರ್ಚಿನಲ್ಲಿ 20 ಗಣಿ ಮುಚ್ಚುತ್ತೇವೆ ಅಂತ ಕಲ್ಲಿದ್ದಲು ಮಂಡಳಿ ಹೇಳಿತು, ಮುಷ್ಕರ ಶುರುವಾಯಿತು. ನ್ಯಾನನ್ ಅವರ ಇಬ್ಬರು ಗಂಡುಮಕ್ಕಳೂ ಅದರಲ್ಲಿದ್ದರು. ಮುಷ್ಕರ ಒಂದು ವರ್ಷ ನಡೆಯಿತು. ಚಳಿಗಾಲ ಬರುವಷ್ಟರಲ್ಲಿ ಆ ಬೀದಿಯಲ್ಲಿ ಯಾರ ಮನೆಯಲ್ಲೂ ದುಡ್ಡಿರಲಿಲ್ಲ. ಒಂದು ಶನಿವಾರ ಅಮ್ಮ ಹತ್ತು ಕಿಲೋ ಹಿಟ್ಟು, ಆಲೂಗಡ್ಡೆ, ಒಂದು ಡಬ್ಬಿ ತುಂಬಾ ಚಪಾತಿ ಪಲ್ಯ ಎತ್ತಿಕೊಂಡು ಅವರ ಮನೆಗೆ ಹೋದಳು, ಜೊತೆಗೆ ನಾನು. ನ್ಯಾನನ್ ಮುಖ ಕೆಂಪಾಯಿತು. ಬೇಡ ಅಂದರು, ಇಂಥದ್ದೆಲ್ಲ ನಾವು ತಗೊಳ್ಳುವವರಲ್ಲ ಅಂದರು. ಅಲ್ಲಿಯವರೆಗೆ ಅವರ ಹತ್ತಿರ ಪುಸ್ತಕದ ಇಂಗ್ಲಿಷ್‌ನಲ್ಲೇ ಅಳೆದು ಅಳೆದು ಮಾತಾಡುತ್ತಿದ್ದ ಅಮ್ಮ, ಚೀಲವನ್ನು ಮೇಜಿನ ಮೇಲೆ ಇಟ್ಟು, ಹಾಸನದ ಉಚ್ಚಾರದಲ್ಲಿ, ‘ಹಿಯರ್ ಆಲ್, ಸೀ ಆಲ್, ಸೇ ನೌಟ್’ ಅಂದಳು.

ನ್ಯಾನನ್ ಅಮ್ಮನನ್ನೇ ನೋಡಿದರು. ಆಮೇಲೆ ಟೀ ಕೆಟಲ್ ಒಲೆಗಿಟ್ಟು, ಕುರ್ಚಿ ಎಳೆದು, ‘ಸಿಟ್ ದಿಸೆನ್ ಡೌನ್, ಲವ್’ ಅಂದರು. ಅಮ್ಮನನ್ನು ಅವರು ನೀನು ಅಂದದ್ದು ಅವತ್ತೇ ಮೊದಲು.